ಒರೆಸಿದ ನೆಲಕ್ಕೇ ಬಂದು ಮಾಡುತ್ತಿದ್ದ ಮಲ್ಲಿ: ದತ್ತು ಬಂದ ದೊಡ್ಡ ನಾಯಿಯ ಒಂದು ಪ್ರಕರಣ

ದತ್ತು ಹೋದ ನಾಯಿಗಳ ಮನೆಗೆ ಮೊದಲ ಕೆಲವು ತಿಂಗಳು ಫೋನ್ ಮಾಡಿ ವಿಚಾರಿಸುವುದು, ಬೇಕಾದರೆ ಹೋಗಿ ನೋಡಿಬರುವುದು ನಾನು ಬಿಡುವಿನಲ್ಲಿ ಮಾಡುವ ಕೆಲಸ. ಬರುವ ಕರೆಗಳಲ್ಲಿ ಜಾಸ್ತಿ ಒಂದೇ ಮಾತು. "ಒಳಗೇ ಉಚ್ಚೆ ಮಾಡುತ್ತೆ ಮೇಡಂ. ಎಷ್ಟು ಹೇಳಿದರೂ ಕಲಿಯುತ್ತಿಲ್ಲ." ನಾನು ಕಂಡಂತೆ, ಬೆಳೆದ ನಾಯಿಯನ್ನು ತಂದವರು ಅದನ್ನು ವಾಪಸ್ ಕಳಿಸುವ ಮಾತೆತ್ತುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಅಂಥ ಒಂದು ಮನೆಯ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯವರು ಒಪ್ಪಿದ್ದಾರೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ನಾಯಿಯನ್ನು ಮಲ್ಲಿ ಎಂದು ಕರೆಯೋಣ. ನಾನು ಕೊಟ್ಟ ಮೊದಲ ಸಲಹೆ ಇಲ್ಲಿ ಕೆಲಸ ಕೆಡಿಸಿತು. ಅದನ್ನೂ ಬಿಡದೆ ಬರೆದಿದ್ದೇನೆ, ಯಾಕೆಂದರೆ ಈಗಲೂ ಎಷ್ಟೋ ಜನ ಅದೇ ಸಲಹೆ ಕೊಡುತ್ತಾರೆ.

ಹಿನ್ನೆಲೆ

ಮಲ್ಲಿ ದೇಸಿ ನಾಯಿ. ಕಂದು ಮೈ, ಎದೆಯ ಮೇಲೆ ಬಿಳಿ ಮಚ್ಚೆ, 16 ಕೆ.ಜಿ. ತೂಕ. ವಯಸ್ಸು ಸುಮಾರು ನಾಲ್ಕು. ಮರಿಯಾಗಿದ್ದಾಗ ಗಾಡಿಗೆ ಸಿಕ್ಕಿ ಹಿಂಗಾಲು ಮುರಿದುಕೊಂಡು ಶೆಲ್ಟರ್‌ಗೆ ಬಂದಿದ್ದಳು. ಕಾಲು ಕೂಡಿಕೊಂಡಿತು, ಸಂತಾನಹರಣ ಆಪರೇಷನ್ ಆಯಿತು, ಅದರ ಗುರುತಿಗೆ ಕಿವಿಯ ತುದಿ ಕತ್ತರಿಸಿದ್ದೂ ಆಯಿತು. ಆದರೆ ಕುಂಟುವ ನಾಯಿಯನ್ನು ಟ್ರಾಫಿಕ್ ಇರುವ ರಸ್ತೆಗೆ ವಾಪಸ್ ಬಿಡಲು ಯಾರಿಗೂ ಮನಸ್ಸಾಗಲಿಲ್ಲ. ಹೀಗೆ ಮೂರೂವರೆ ವರ್ಷ ಒಂದು ಸಿಮೆಂಟಿನ ಗೂಡಿನಲ್ಲೇ ಕಳೆದಳು.

ಮನೆ ಬೆಂಗಳೂರಿನ ದಕ್ಷಿಣ ಭಾಗದ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿತ್ತು. ಗಂಡ, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಹೆಂಡತಿಗೆ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ಒಂಬತ್ತನೇ ಕ್ಲಾಸಿನ ಮಗ. ಜೊತೆಗೆ ಗಂಡನ ತಾಯಿ, ಎಪ್ಪತ್ತು ದಾಟಿದವರು, ಮಡಿ ಪೂಜೆ ಬಿಡದವರು. "ದೇವರ ಕೋಣೆ ಇರೋ ಮನೆ ಇದು, ನಾಯಿ ಬಾಗಿಲಲ್ಲಿ ಇದ್ದರೆ ಚೆಂದ" ಎಂದು ಅಜ್ಜಿ ಮೊದಲೇ ಹೇಳಿದ್ದರು. ಮೊಮ್ಮಗನ ಹಟಕ್ಕೆ ಸುಮ್ಮನಾಗಿದ್ದರು. ಮಲ್ಲಿ ಜೂನ್ ತಿಂಗಳಲ್ಲಿ ಬಂದಳು.

ಮೊದಲ ಎರಡು ವಾರ

ಮೊದಲ ದಿನದಿಂದಲೂ ಒಂದೇ ಕಥೆ. ಬೆಳಿಗ್ಗೆ ನಲವತ್ತು ನಿಮಿಷ ವಾಕಿಂಗ್. ಮರ, ಕಂಬ, ಹುಲ್ಲು, ಮಣ್ಣು ಎಲ್ಲವನ್ನೂ ಮೂಸುತ್ತಾಳೆ, ಏನೂ ಮಾಡುವುದಿಲ್ಲ. ಮನೆಗೆ ಬಂದು ಬೆಲ್ಟ್ ಬಿಚ್ಚಿದ ಐದೇ ನಿಮಿಷಕ್ಕೆ ಹಾಲ್‌ನಲ್ಲಿ ಉಚ್ಚೆ. ಎರಡಕ್ಕೆ ಹೋಗುವ ವಿಷಯ ಬೇಗ ಸರಿಯಾಯಿತು. ಊಟವಾದ ಇಪ್ಪತ್ತು ಮೂವತ್ತು ನಿಮಿಷಕ್ಕೆ ಹೊಟ್ಟೆ ಕದಲುತ್ತದೆ, ಆ ಹೊತ್ತಿಗೆ ಕೆಳಗೆ ಕರೆದುಕೊಂಡು ಹೋದರೆ ಸಾಕಿತ್ತು. ಹಾಗಾಗಿ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಮನೆಯ ಯಜಮಾನರು ಹಳ್ಳಿಯಲ್ಲಿ ಬೆಳೆದವರು, ನಾಯಿಗಳೆಂದರೆ ಪ್ರೀತಿ ಇರುವವರು. ಅವರ ಮನೆಯಲ್ಲಿ ನಾಯಿಗೆ ಬುದ್ಧಿ ಕಲಿಸುತ್ತಿದ್ದ ರೀತಿಯನ್ನೇ ಇವರೂ ಮಾಡಿದರು. ಉಚ್ಚೆ ಕಂಡಲ್ಲಿಗೆ ಮಲ್ಲಿಯನ್ನು ಎಳೆದು ತಂದು, ಮೂತಿ ಹತ್ತಿರ ಹಿಡಿದು ಗದರಿಸುವುದು. ಸುತ್ತಿದ ಪೇಪರಿನಿಂದ ನೆಲಕ್ಕೆ ಹೊಡೆದು ಸದ್ದು ಮಾಡುವುದು. ಐದನೇ ದಿನಕ್ಕೆ ಮಲ್ಲಿ ಹಾಲ್‌ನ ನಡುವೆ ಮಾಡುವುದನ್ನು ಬಿಟ್ಟಳು. ಸೋಫಾ ಹಿಂದೆ, ಡೈನಿಂಗ್ ಟೇಬಲ್ ಕೆಳಗೆ, ಯಾರೂ ಇಲ್ಲದ ರೂಮಿನಲ್ಲಿ ಮಾಡತೊಡಗಿದಳು.

"ತಪ್ಪು ಅಂತ ಗೊತ್ತಿದೆ ಇವಳಿಗೆ. ಮುಖ ನೋಡಿದರೆ ತಿಳಿಯುತ್ತೆ" ಎಂದು ಯಜಮಾನರು ನನಗೆ ಫೋನಿನಲ್ಲಿ ಹೇಳಿದರು. ಕಿವಿ ಹಿಂದಕ್ಕೆ, ಬಾಲ ಒಳಕ್ಕೆ, ಕಣ್ಣು ಪಕ್ಕಕ್ಕೆ. ಆ ಮುಖ ಹೆದರಿಕೆಯದ್ದು. ಹತ್ತು ನಿಮಿಷದ ಹಿಂದೆ ಮಾಡಿದ್ದಕ್ಕೂ ಈಗಿನ ಬೈಗುಳಕ್ಕೂ ನಾಯಿಯ ತಲೆಯಲ್ಲಿ ನಂಟು ಬೀಳುವುದಿಲ್ಲ. ಮನುಷ್ಯ, ಉಚ್ಚೆ ಎರಡೂ ಒಂದೇ ಜಾಗದಲ್ಲಿದ್ದರೆ ಅಪಾಯ ಎನ್ನುವುದು ಮಾತ್ರ ತಲೆಗೆ ಹೋಗುತ್ತದೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಆಗ ನಾನು ಕೊಟ್ಟ ಸಲಹೆ ಎಲ್ಲರಿಗೂ ಕೊಡುವಂಥದ್ದು. ಬೈಯಬೇಡಿ, ಎರಡು ಗಂಟೆಗೊಮ್ಮೆ ಹೊರಗೆ ಕರೆದುಕೊಂಡು ಹೋಗಿ, ಕಣ್ಣಿಡಲು ಆಗದಿದ್ದಾಗ ಚಿಕ್ಕ ಜಾಗದಲ್ಲಿ ಹಾಸಿಗೆ ಹಾಕಿ ಬಿಡಿ. ಮಲಗುವ ಜಾಗವನ್ನು ನಾಯಿ ಗಲೀಜು ಮಾಡುವುದಿಲ್ಲ ಎಂಬ ನಂಬಿಕೆ ಇದರ ಹಿಂದೆ ಇದೆ. ಅವರ ಮನೆಯಲ್ಲಿ ಚಿಕ್ಕ ಜಾಗ ಎಂದರೆ ಅಡುಗೆಮನೆ ಪಕ್ಕದ ಯುಟಿಲಿಟಿ. ವಾಷಿಂಗ್ ಮಷೀನ್, ಒರೆಸುವ ಬಕೆಟ್, ಯಾವಾಗಲೂ ಅರ್ಧ ಒದ್ದೆಯಾಗಿರುವ ನೆಲ. ಅಲ್ಲಿಗೆ ಬಿಟ್ಟ ಮೊದಲ ರಾತ್ರಿ ಮಲ್ಲಿ ಮೂರು ಸಲ ಉಚ್ಚೆ ಮಾಡಿದಳು, ಒಂದು ಸಲ ಹಾಸಿಗೆಯ ಅಂಚಿಗೇ. ವರ್ಷಗಟ್ಟಲೆ ಮಲಗುವುದೂ ಮಾಡುವುದೂ ಒಂದೇ ಗೂಡಿನಲ್ಲಿ ಆದ ನಾಯಿಗೆ ಆ ಸಹಜ ಅಸಹ್ಯ ಸವೆದು ಹೋಗಿರುತ್ತದೆ. ಅವಳ ಹಿನ್ನೆಲೆ ಗೊತ್ತಿದ್ದೂ ನಾನು ಅದನ್ನು ಯೋಚಿಸಿರಲಿಲ್ಲ.

ಹನ್ನೊಂದನೇ ದಿನ ಲಿಫ್ಟ್‌ನಲ್ಲಿ ಆಯಿತು. ಅಸೋಸಿಯೇಷನ್‌ನವರು ನಾಯಿಯನ್ನು ಲಿಫ್ಟ್‌ನಲ್ಲಿ ತರಬೇಡಿ ಎಂದರು. ಸಾಕುನಾಯಿಗಳನ್ನು ಲಿಫ್ಟ್‌ನಿಂದ ದೂರ ಇಡುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸೂಚನೆ ಕೊಟ್ಟಿದೆ. ಹೆಂಡತಿಗೆ ಅದು ಗೊತ್ತಿತ್ತು. ಆದರೂ ಅವರು ಜಗಳಕ್ಕೆ ಇಳಿಯಲಿಲ್ಲ. ತಾವೇ ಲಿಫ್ಟ್ ಒರೆಸಿ, ಒಂದು ತಿಂಗಳು ಮೆಟ್ಟಿಲಲ್ಲೇ ಓಡಾಡಿದರು. ಮುಂದೆ ವಾಚ್‌ಮನ್‌ನ ಸಹಾಯ ಬೇಕಾದಾಗ ಈ ತೀರ್ಮಾನ ಕೈ ಹಿಡಿಯಿತು.

ಅವತ್ತು ರಾತ್ರಿ ಅಜ್ಜಿ, "ಪಾಪದ ಪ್ರಾಣಿ, ಅದಕ್ಕೂ ಹಿಂಸೆ, ನಮಗೂ ಹಿಂಸೆ. ಎಲ್ಲಿಂದ ತಂದಿರೋ ಅಲ್ಲಿಗೇ ಬಿಟ್ಟುಬಿಡಿ" ಎಂದರಂತೆ. ಮಗ ಊಟ ಬಿಟ್ಟು ಎದ್ದು ಹೋದ.

ಮೊದಲು ಡಾಕ್ಟರು

ಇನ್ನೇನೂ ಮಾಡುವ ಮೊದಲು ಮಲ್ಲಿಯನ್ನು ಪಶುವೈದ್ಯರಿಗೆ ತೋರಿಸಿ ಎಂದೆ. ಇದನ್ನು ನಾನು ಮೊದಲ ದಿನವೇ ಹೇಳಬೇಕಿತ್ತು. ಹೆಣ್ಣು ನಾಯಿಗಳಿಗೆ ಮೂತ್ರನಾಳದ ಸೋಂಕು ಸುಲಭವಾಗಿ ಆಗುತ್ತದೆ. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ ಇದ್ದರೂ ನೀರು ಕುಡಿಯುವುದು, ಉಚ್ಚೆ ಮಾಡುವುದು ಹೆಚ್ಚುತ್ತದೆ. ತುರಿಕೆಗೆ ಕೊಡುವ ಸ್ಟಿರಾಯ್ಡ್ ಮಾತ್ರೆಯಿಂದಲೂ ಹಾಗೇ. ಆಪರೇಷನ್ ಆದ ಕೆಲವು ಹೆಣ್ಣು ನಾಯಿಗಳಿಗೆ ನಿದ್ದೆಯಲ್ಲಿ ತಾನಾಗಿ ಸೋರುತ್ತದೆ, ಎದ್ದ ಮೇಲೆ ಮಲಗಿದ್ದ ಜಾಗ ಒದ್ದೆ ಇರುತ್ತದೆ. ಇವೆಲ್ಲಕ್ಕೂ ಔಷಧ ಬೇಕು, ಅಭ್ಯಾಸ ಮಾಡಿಸಿ ಪ್ರಯೋಜನವಿಲ್ಲ.

ಮೂತ್ರ, ರಕ್ತ ಎರಡೂ ಪರೀಕ್ಷೆ ಆಯಿತು. ಏನೂ ತೊಂದರೆ ಇರಲಿಲ್ಲ. ಮಗ ಮೂರು ದಿನ ಅಳತೆ ಲೋಟದಲ್ಲಿ ನೀರಿಟ್ಟು ಲೆಕ್ಕ ಹಾಕಿದ: ದಿನಕ್ಕೆ ಸುಮಾರು 900 ಮಿ.ಲೀ. ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 100 ಮಿ.ಲೀ. ದಾಟಿದರೆ ಅತಿ ಎನ್ನುತ್ತಾರೆ. ಮಲ್ಲಿಯ ತೂಕಕ್ಕೆ ಅದು 1,600 ಮಿ.ಲೀ. ಆಗುತ್ತದೆ, ಇವಳು ಅದರಿಂದ ಎಷ್ಟೋ ಕೆಳಗಿದ್ದಳು.

ನೋಟ್‌ಬುಕ್ಕು

ಲೆಕ್ಕ ಇಡುವ ಹುಡುಗನ ಉತ್ಸಾಹ ನೋಡಿ, ಒಂದು ವಾರ ಎಲ್ಲವನ್ನೂ ಬರೆದಿಡು ಎಂದೆ. ಯಾವಾಗ, ಎಲ್ಲಿ, ಅದಕ್ಕೆ ಸ್ವಲ್ಪ ಮುಂಚೆ ಮನೆಯಲ್ಲಿ ಏನು ನಡೆಯಿತು. ಈ ಮೂರನೆಯದನ್ನು ಜನ ಸಾಮಾನ್ಯವಾಗಿ ಬರೆಯುವುದಿಲ್ಲ. ನಮ್ಮ ಉತ್ತರ ಇದ್ದದ್ದು ಅಲ್ಲೇ.

ಶನಿವಾರ ಬೆಳಿಗ್ಗೆ ಹೋಗಿ ಪುಸ್ತಕ ನೋಡಿದೆ. ಒಟ್ಟು 19 ಸಲ ಆಗಿತ್ತು. ಅದರಲ್ಲಿ 11 ಸಲ ಬೆಳಿಗ್ಗೆ ಒಂಬತ್ತೂಮುಕ್ಕಾಲಿಂದ ಹತ್ತೂವರೆ ಒಳಗೆ. ಮೂರನೇ ಸಾಲಿನಲ್ಲಿ "ಅಪ್ಪ ಆಫೀಸಿಗೆ ಹೋದರು", "ಅಪ್ಪ ಹೋದರು" ಎಂದಿತ್ತು. ಒಂಟಿತನದ ಭಯ ಇರಬೇಕು ಎಂದು ನಾನು ತೀರ್ಮಾನಿಸಿ, ಅದಕ್ಕೆ ಏನು ಮಾಡಬೇಕೆಂದು ವಿವರಿಸಲೂ ಶುರು ಮಾಡಿದ್ದೆ.

ಪಾತ್ರೆ ತೊಳೆಯುತ್ತಿದ್ದ ಮನೆಕೆಲಸದವರು ಅಡುಗೆಮನೆಯಿಂದಲೇ ಹೇಳಿದರು: "ಅಕ್ಕಾ, ಅದು ನಾನು ಒರೆಸಿದ ಜಾಗಕ್ಕೇ ಬಂದು ಮಾಡುತ್ತೆ. ದಿನಾ ಎರಡೆರಡು ಸಲ ಒರೆಸ್ತಾ ಇದೀನಿ. ನನ್ನ ಕಂಡರೆ ಅದಕ್ಕೆ ಆಗಲ್ಲ ಅನ್ಸುತ್ತೆ."

ಎಲ್ಲರೂ ಸುಮ್ಮನಾದೆವು. ಅವರು ಬರುವುದು ಒಂಬತ್ತೂವರೆಗೆ. ಗುಡಿಸಿ, ಒರೆಸುವ ಹೊತ್ತಿಗೆ ಒಂಬತ್ತೂಮುಕ್ಕಾಲು. ಉಳಿದ ಎಂಟು ಸಲದಲ್ಲಿ ನಾಲ್ಕು ಯುಟಿಲಿಟಿಯಲ್ಲಿ, ಎರಡು ಬಾತ್‌ರೂಮಿನ ಬಾಗಿಲಲ್ಲಿ, ಸ್ನಾನವಾದ ಮೇಲೆ. ಈಗಲೇ ಒಂದು ರೂಮು ಒರೆಸುತ್ತೀರಾ ಎಂದು ಅವರನ್ನು ಕೇಳಿದೆ. ಬಕೆಟ್‌ಗೆ ಒಂದು ಮುಚ್ಚಳ ಫಿನಾಯಿಲ್ ಬಿತ್ತು. ಬಾಲ್ಕನಿ ಬಾಗಿಲ ಹತ್ತಿರ ಮಲಗಿದ್ದ ಮಲ್ಲಿ ತಲೆಯೆತ್ತಿ ಮೂಸಿದಳು. ಅವರು ರೂಮು ಒರೆಸಿ ಹೊರಬಂದ ಮೇಲೆ ಎದ್ದು ಒಳಗೆ ಹೋದಳು. ನಾವು ಬಾಗಿಲ ಸಂದಿಯಿಂದ ನೋಡಿದೆವು. ಒದ್ದೆ ನೆಲದ ಮೇಲೆ ಒಂದು ಸುತ್ತು ಸುತ್ತಿ ಕುಳಿತು ಮಾಡಿದಳು.

ಅಲ್ಲಿಂದಲೇ ಶೆಲ್ಟರ್‌ನಲ್ಲಿ ಮಲ್ಲಿಯನ್ನು ನೋಡಿಕೊಳ್ಳುತ್ತಿದ್ದವರಿಗೆ ಫೋನ್ ಮಾಡಿದೆ. ಗೂಡು ಹೇಗೆ ತೊಳೆಯುತ್ತಿದ್ದಿರಿ ಎಂದು ಕೇಳಿದೆ. ಬೆಳಿಗ್ಗೆ ಏಳಕ್ಕೆ ಪೈಪಿನಲ್ಲಿ ನೀರು ಬಿಡುವುದು, ಫಿನಾಯಿಲ್ ಹಾಕಿ ಉಜ್ಜುವುದು, ಸಂಜೆ ಐದಕ್ಕೆ ಇನ್ನೊಂದು ಸಲ. "ನೀರು ಬಿಟ್ಟ ತಕ್ಷಣ ಎಲ್ಲವೂ ಮಾಡ್ತವೆ ಮೇಡಂ. ನಮಗೂ ಒಂದೇ ಸಲಕ್ಕೆ ತೊಳೆದು ಹೋಗುತ್ತೆ" ಎಂದರು. ಅವರದು ಏನೂ ತಪ್ಪಿಲ್ಲ. ಅಷ್ಟೊಂದು ನಾಯಿಗಳನ್ನು ಚೊಕ್ಕವಾಗಿ ಇಡಲು ಬೇರೆ ದಾರಿ ಇಲ್ಲ.

ದಿನಕ್ಕೆ ಎರಡು ಸಲದಂತೆ ಮೂರೂವರೆ ವರ್ಷಕ್ಕೆ ಎರಡೂವರೆ ಸಾವಿರ ಸಲ. ಒದ್ದೆ ಸಿಮೆಂಟು, ಫಿನಾಯಿಲ್ ವಾಸನೆ, ಆಗ ಮಾಡಬೇಕು. ಮಲ್ಲಿಗೆ ಇದನ್ನು ಯಾರೂ ಕೂತು ಕಲಿಸಿರಲಿಲ್ಲ, ಆದರೂ ಚೆನ್ನಾಗಿ ಕಲಿತಿದ್ದಳು. ಕಾಲಿಗೆ ಯಾವ ನೆಲ ತಾಗಿದಾಗ ಮಾಡಬೇಕು ಎನ್ನುವ ಅಭ್ಯಾಸ ಮರಿಗಳಿಗೆ ಸುಮಾರು ಎರಡು ತಿಂಗಳಿಗೇ ಕೂರಲು ಶುರುವಾಗುತ್ತದೆ. ಮಣ್ಣು, ಹುಲ್ಲು ಅವಳಿಗೆ ಮೂಸುವ ಜಾಗ ಮಾತ್ರ. ನಮ್ಮ ಕಣ್ಣಿಗೆ "ಕಲಿಯದ ನಾಯಿ" ಆಗಿದ್ದವಳು ತಾನು ಕಲಿತದ್ದನ್ನು ದಿನವೂ ಚಾಚೂ ತಪ್ಪದೆ ಮಾಡುತ್ತಿದ್ದಳು, ಅದಕ್ಕೆ ಬೈಸಿಕೊಳ್ಳುತ್ತಿದ್ದಳು. ಇದನ್ನು ಕೇಳಿ ಯಜಮಾನರು ನೆಲದ ಮೇಲೆ ಅವಳ ಪಕ್ಕ ಹೋಗಿ ಕುಳಿತರು. ಅವಳು ಎದ್ದು ದೂರ ಹೋದಳು. ಅವರ ಹತ್ತಿರ ಬಂದು ಮಲಗಲು ಅವಳಿಗೆ ಇನ್ನೂ ಮೂರು ವಾರ ಬೇಕಾಯಿತು.

ಒದ್ದೆ ಸಿಮೆಂಟನ್ನು ಹುಡುಕಿಕೊಂಡು

ಆವತ್ತೇ ಮನೆಯಲ್ಲಿ ಫಿನಾಯಿಲ್ ನಿಂತಿತು. ಫಿನಾಯಿಲ್ ವಾಸನೆ ಮುಚ್ಚುತ್ತದೆ, ಅಷ್ಟೇ. ಉಚ್ಚೆಯ ವಾಸನೆಯ ಅಂಶ ಟೈಲ್ಸ್ ಸಂದಿಯಲ್ಲಿ, ಸೋಫಾದ ಮರದ ಕಾಲಿನಲ್ಲಿ ಹಾಗೇ ಕೂತಿರುತ್ತದೆ, ನಮಗೆ ತಿಳಿಯದಿದ್ದರೂ ನಾಯಿಗೆ ತಿಳಿಯುತ್ತದೆ. ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ಎನ್‌ಜೈಮ್ ಇರುವ ಕ್ಲೀನರ್ ಅದನ್ನು ಒಡೆದು ಹಾಕುತ್ತದೆ. ಹಾಕಿದ ತಕ್ಷಣ ಒರೆಸಬಾರದು, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಡಬೇಕು. ದಿನದ ಒರೆಸುವಿಕೆ ಬರೀ ನೀರಿನಲ್ಲಿ, ಮಲ್ಲಿ ಹೊರಗೆ ಹೋದ ಹೊತ್ತಿನಲ್ಲಿ. ಫ್ಯಾನ್ ಹಾಕಿ ಪೂರ್ತಿ ಒಣಗಿದ ಮೇಲೆ ಅವಳು ಒಳಕ್ಕೆ. ಯುಟಿಲಿಟಿಗೆ ಬಾಗಿಲು. ಕಣ್ಣಿಡಲು ಆಗದಾಗ ಬೆಡ್‌ರೂಮಿನ ಒಂದು ಮೂಲೆ, ನೆಲದ ತುಂಬ ಚಾಪೆ.

ಹೊರಗಡೆಗೆ ನಾನು ಹೇಳಿದ್ದು ಸ್ವಲ್ಪ ವಿಚಿತ್ರವಾಗಿ ಕೇಳಿಸಿತು. ಅವಳಿಗೆ ಮಣ್ಣು ಕಲಿಸುವುದು ಆಮೇಲೆ, ಮೊದಲು ಅವಳಿಗೆ ಗೊತ್ತಿರುವುದನ್ನೇ ಹೊರಗೆ ಕೊಡೋಣ. ಅಪಾರ್ಟ್‌ಮೆಂಟಿನ ಹಿಂದೆ, ಮೋರಿ ಪಕ್ಕ, ಕಾರು ತೊಳೆಯುವ ಸಿಮೆಂಟಿನ ಜಾಗ ಇತ್ತು. ಅದನ್ನು ತೋರಿಸಿದ್ದು ವಾಚ್‌ಮನ್. ಆದ ಮೇಲೆ ಒಂದು ಬಕೆಟ್ ನೀರು ಹಾಕಿ ತೊಳೆದರೆ ಯಾರೂ ಏನೂ ಅನ್ನುವುದಿಲ್ಲ ಎಂದರು. ಅಲ್ಲಿಗೆ ಹೋಗುವ ಮೊದಲು ಎರಡು ಮಗ್ ನೀರು ಚೆಲ್ಲುವುದು. ಫಿನಾಯಿಲ್ ಬೇಡ ಎಂದೆ, ಅದು ನಾಯಿಯ ಪಾದಕ್ಕೂ ಮೂಗಿಗೂ ಒಳ್ಳೆಯದಲ್ಲ. ಬದಲಿಗೆ ಅವಳ ಉಚ್ಚೆ ಒರೆಸಿದ ಹಳೇ ಬಟ್ಟೆಯನ್ನು ಅಲ್ಲಿ ಒತ್ತಿ ಇಟ್ಟರು.

ಮೊದಲ ದಿನ ಮೂರು ಸಲ ಹೋದರು. ಮಲ್ಲಿ ಒದ್ದೆ ನೆಲ ಮೂಸಿದಳು, ಸುತ್ತಿದಳು, ಹಿಂದೆ ನಿಂತ ಯಜಮಾನರನ್ನು ನೋಡಿದಳು, ಸುಮ್ಮನೆ ನಿಂತಳು. ಇಲ್ಲೇ ಹಳೆಯ ಬೈಗುಳ ಅಡ್ಡ ಬಂತು. ಬೆಲ್ಟಿನ ತುದಿಯಲ್ಲಿ ನಾಲ್ಕು ಅಡಿ ದೂರಕ್ಕೆ ಮನುಷ್ಯ ನಿಂತಿದ್ದಾನೆ. ಮನುಷ್ಯನ ಎದುರು ಮಾಡಬಾರದು ಎಂದು ತಾನೇ ಅವಳು ಕಲಿತದ್ದು? ಆದ್ದರಿಂದ ಹದಿನೈದು ಅಡಿ ಹತ್ತಿ ಹಗ್ಗ ತರಿಸಿದೆವು. ಯಜಮಾನರ ಬದಲು ಹೆಂಡತಿ ಹೋದರು. ಹಗ್ಗ ಸಡಿಲ ಬಿಟ್ಟು, ಬೆನ್ನು ತಿರುಗಿಸಿ, ಬೇರೆ ಕಡೆ ನೋಡುತ್ತಾ ನಿಂತರು. ಎರಡನೇ ದಿನ ಸಂಜೆ ಹಿಂದಿನಿಂದ ಸದ್ದು ಬಂತು. ಜೊತೆಗಿದ್ದ ಮಗ ಖುಷಿಗೆ "ಅಮ್ಮಾ!" ಎಂದು ಕೂಗಿಬಿಟ್ಟ. ಮಲ್ಲಿ ಬೆಚ್ಚಿ ಅರ್ಧಕ್ಕೆ ನಿಲ್ಲಿಸಿದಳು, ಉಳಿದದ್ದು ಮನೆಯ ಬಾಗಿಲಲ್ಲಿ ಆಯಿತು.

ಆಮೇಲೆ ಮುಗಿಸುವವರೆಗೆ ಯಾರೂ ಉಸಿರೆತ್ತಲಿಲ್ಲ. ಮುಗಿದ ಮೇಲೆ ಮೆಲ್ಲಗೆ "ಜಾಣೆ" ಎಂದು, ಅಲ್ಲೇ ನಿಂತು ಒಂದು ಚೂರು ಪನೀರ್. ಅಲ್ಲೇ ಎನ್ನುವುದು ಮುಖ್ಯ. ಮನೆಗೆ ಬಂದ ಮೇಲೆ ಕೊಟ್ಟರೆ ಅದು ಮನೆಗೆ ಬಂದದ್ದಕ್ಕೆ ಸಿಕ್ಕ ತಿಂಡಿಯಾಗುತ್ತದೆ. ಇನ್ನೊಂದು ಸಂಗತಿ: ಮಾಡಿದ ಕೂಡಲೇ ಮೇಲಕ್ಕೆ ಕರೆತರಬಾರದು. ಮಾಡಿದರೆ ವಾಕಿಂಗ್ ಮುಗಿಯುತ್ತೆ ಎಂದು ತಿಳಿದ ನಾಯಿ ತಡೆದು ಹಿಡಿಯಲು ಕಲಿಯುತ್ತದೆ. ಇವರು ಮೊದಲು ಸಿಮೆಂಟಿಗೆ ಹೋಗಿ, ಆದ ಮೇಲೆ ವಾಕಿಂಗ್ ಹೊರಟರು.

ಒಂದು ವಾರ ಸರಾಗವಾದ ಮೇಲೆ ನೀರು ಕಡಿಮೆ ಮಾಡಿದರು. ಎರಡು ಮಗ್ ಒಂದಾಯಿತು, ಒಂದು ಅರ್ಧವಾಯಿತು. ನೀರು ಚೆಲ್ಲುವ ಜಾಗವನ್ನು ದಿನಕ್ಕೆ ಒಂದು ಹೆಜ್ಜೆಯಂತೆ ಸಿಮೆಂಟಿನ ಅಂಚಿಗೆ, ಅಲ್ಲಿಂದ ಮಣ್ಣು ಶುರುವಾಗುವ ಕಡೆಗೆ ಸರಿಸಿದರು. ಅವಸರ ಪಟ್ಟ ಎರಡು ದಿನ ಅವಳು ಒಪ್ಪಲಿಲ್ಲ, ಹಿಂದಕ್ಕೆ ಬಂದು ಮತ್ತೆ ಶುರು ಮಾಡಿದರು. ಒಣ ಮಣ್ಣಿನ ಮೇಲೆ ಮೊದಲ ಸಲ ಆಗಿದ್ದು ಇಪ್ಪತ್ತಮೂರನೇ ದಿನ. ಮನೆಯೊಳಗೆ ಆ ಹೊಸ ಕ್ರಮದ ಮೊದಲ ವಾರ ಆರು ಸಲ ಆಗಿತ್ತು, ಎರಡನೇ ವಾರ ಎರಡು ಸಲ. ಐದನೇ ವಾರದ ಪುಟ ಖಾಲಿ.

ಈ ಪ್ರಕರಣ ಓದಿ ಎಲ್ಲರೂ ಫಿನಾಯಿಲ್ ಬಾಟಲಿ ಎಸೆದರೆ ಸಾಲದು. ಬೀದಿಯಲ್ಲೇ ಬೆಳೆದ ದೊಡ್ಡ ನಾಯಿಗೆ ಮಣ್ಣು ಮೊದಲೇ ಗೊತ್ತು, ಅಂಥವು ಎಷ್ಟೋ ಸಲ ಒಂದೇ ವಾರದಲ್ಲಿ ಹೊಂದಿಕೊಳ್ಳುತ್ತವೆ. ತಾರಸಿ ಮೇಲೆ ಬೆಳೆದದ್ದು ಬಾಲ್ಕನಿ ಹುಡುಕುತ್ತದೆ. ಪೇಪರ್ ಹಾಸಿ ಬೆಳೆಸಿದ ನಾಯಿಗೆ ಕಾಲೊರೆಸುವ ಮ್ಯಾಟೂ ಪೇಪರಿನಂತೆಯೇ. ಅದಕ್ಕೇ ಈಗ ನಾನು ನಾಯಿ ಶೆಲ್ಟರ್ ಬಿಡುವ ಮೊದಲೇ ಕೇಳಿಕೊಳ್ಳುತ್ತೇನೆ: ನೆಲ ಯಾವುದು, ಎಷ್ಟು ಹೊತ್ತಿಗೆ ತೊಳೆಯುತ್ತೀರಿ, ಏನು ಹಾಕಿ ತೊಳೆಯುತ್ತೀರಿ. ಎರಡು ನಿಮಿಷದ ಮಾತು. ಮಲ್ಲಿಯ ವಿಷಯದಲ್ಲಿ ಇದನ್ನು ಕೇಳಿದ್ದರೆ ಆ ಮನೆಗೆ ಮೂರು ವಾರದ ಹಿಂಸೆ ತಪ್ಪುತ್ತಿತ್ತು. ಮನೆಯಲ್ಲಿ ಮಾತು ಕೇಳುವಾಗಲೂ ಯಜಮಾನರು, ಯಜಮಾನಿಯ ಜೊತೆಗೆ ನೆಲ ಒರೆಸುವವರನ್ನೂ ಕೂರಿಸಿ ಕೇಳುತ್ತೇನೆ.

ದೀಪಾವಳಿ, ಆಮೇಲೆ ಊರು

ದೀಪಾವಳಿಯ ಪಟಾಕಿಗೆ ಎಲ್ಲ ಕುಸಿಯಿತು. ಮೊದಲ ಸದ್ದಿಗೇ ಮಲ್ಲಿ ಮಂಚದ ಕೆಳಗೆ ಸೇರಿದಳು. ಹಗ್ಗ ಹಾಕಿದರೂ ಮೆಟ್ಟಿಲು ಇಳಿಯಲಿಲ್ಲ. ಹದಿನಾಲ್ಕು ಗಂಟೆ ತಡೆದು ಹಿಡಿದಿದ್ದಳು. ಹೆಂಡತಿ ನನ್ನನ್ನು ಕೇಳದೆ ಒಂದು ನಿರ್ಧಾರ ಮಾಡಿದರು. ಬಾತ್‌ರೂಮಿನ ನೆಲಕ್ಕೆ ನೀರು ಹಾಕಿ, ದೀಪ ಆರಿಸಿ, ಅವಳನ್ನು ಒಳಗೆ ಬಿಟ್ಟು ಹೊರಗೆ ನಿಂತರು. ಮಲ್ಲಿ ಮಾಡಿದಳು. ಆಮೇಲೆ ನನಗೆ ಹೇಳಿದಾಗ, ಕಷ್ಟಪಟ್ಟು ಬಿಡಿಸಿದ್ದನ್ನು ಮತ್ತೆ ಹಿಡಿಸಿದಂತಾಯಿತು ಎಂದು ನನಗೆ ಬೇಸರವಾಯಿತು. ಈಗ ಯೋಚಿಸಿದರೆ ಅವರು ಮಾಡಿದ್ದೇ ಸರಿ. ಹೆದರಿದ ಪ್ರಾಣಿಯನ್ನು ಅಷ್ಟು ಹೊತ್ತು ನೋವಿನಲ್ಲಿ ಬಿಡಲು ಯಾವ ಅಭ್ಯಾಸವೂ ಕಾರಣವಾಗಬಾರದು. ಮೂರು ದಿನ ಹಾಗೇ ನಡೆಯಿತು. ಹಬ್ಬ ಕಳೆದ ಮೇಲೆ ಕೆಳಗಿನ ಸಿಮೆಂಟಿಗೆ ಎರಡು ಮಗ್ ನೀರಿನಿಂದ ಮತ್ತೆ ಶುರು. ಈ ಸಲ ಮಣ್ಣಿಗೆ ಬರಲು ಐದು ದಿನ ಸಾಕಾಯಿತು.

ಸಂಕ್ರಾಂತಿಗೆ ಅವರೆಲ್ಲ ಹಾಸನದ ಕಡೆಯ ತಮ್ಮ ಊರಿಗೆ ಹೋದರು, ಮಲ್ಲಿಯೂ ಜೊತೆಗೆ. ಹಳೆ ಮನೆ, ಗಾರೆ ನೆಲ, ಬೆಳಿಗ್ಗೆ ಎದ್ದ ಕೂಡಲೇ ಒರೆಸುವ ರೂಢಿ. ಹೊಸ ಮನೆಯಲ್ಲಿ ಹಳೆ ಅಭ್ಯಾಸ ಮರಳುವುದು ಸಾಮಾನ್ಯ ಎಂದು ನಾನು ಮೊದಲೇ ಎಚ್ಚರಿಸಿದ್ದೆ. ಹೆಂಡತಿ ಐದು ಗಂಟೆಗೆ ಅಲಾರಾಂ ಇಟ್ಟುಕೊಂಡು ಮಲಗಿದ್ದರು.

ಅವರು ಎದ್ದು ಹಗ್ಗ ಹಿಡಿದು ಹಿತ್ತಲಿಗೆ ಬಂದಾಗ ಅಜ್ಜಿ ಆಗಲೇ ಅಲ್ಲಿದ್ದರಂತೆ. ಸ್ನಾನ ಇನ್ನೂ ಆಗಿರಲಿಲ್ಲ. ಒಗೆಯುವ ಕಲ್ಲಿನಿಂದ ದೂರಕ್ಕೆ, ಮೋರಿ ಪಕ್ಕದ ಚಪ್ಪಡಿಯ ಮೇಲೆ ಚೊಂಬಿನಿಂದ ನೀರು ಸುರಿಯುತ್ತಿದ್ದರು. ಸೊಸೆಯನ್ನು ನೋಡಿ, "ಬೇಗ ಕರ್ಕೊಂಡು ಬಾ, ಒಣಗಿಬಿಡುತ್ತೆ" ಎಂದರು. ಆಮೇಲೆ ಚೊಂಬು ಕೆಳಗಿಟ್ಟು, ಬೆನ್ನು ತಿರುಗಿಸಿ, ಬೇಲಿಯ ಕಡೆ ನೋಡುತ್ತಾ ನಿಂತರು.